‘ಗೆಟ್’ ಅಂದರೆ ಬರೀ ಪಡೆಯುವುದಲ್ಲ

‘ಗೆಟ್’ ಅಂದರೆ ಏನು ಅಂತ ಈ ಸಭೆಯಲ್ಲಿ ಯಾರನ್ನು ಕೇಳಿದರೂ ಒಂದೇ ಉತ್ತರ ಬರುತ್ತದೆ: ಪಡೆ. ಪ್ರೈಮರಿ ಸ್ಕೂಲಿನಿಂದ ತಲೆಯಲ್ಲಿ ಕೂತಿರುವ ಉತ್ತರ ಅದು. ತಪ್ಪೇನೂ ಅಲ್ಲ. ಆದರೆ ಅದೊಂದನ್ನೇ ನಂಬಿಕೊಂಡು ಹೊರಟರೆ ಏನಾಗುತ್ತದೆ ನೋಡಿ. ‘ಇಟ್ಸ್ ಗೆಟಿಂಗ್ ಡಾರ್ಕ್’ ಅಂದರೆ ಕತ್ತಲನ್ನು ಪಡೆಯುತ್ತಿದೆ ಅಂತಲಾ? ‘ಹಿ ಗಾಟ್ ಕಾಟ್’ ಅಂದರೆ ಏನನ್ನು ಪಡೆದ? ಯಾರಾದರೂ ‘ಗೆಟ್ ಔಟ್’ ಅಂತ ಕೂಗಿದರೆ ನಾವು ಏನು ಪಡೆಯಬೇಕು? ಚಪ್ಪಲಿ ಹಾಕಿಕೊಂಡು ಹೊರಡಬೇಕು, ಅಷ್ಟೆ.

ಹಾಗಾಗಿ ನಾವು ಪಟ್ಟಿ ಮಾಡಲು ಶುರು ಮಾಡುತ್ತೇವೆ. ಗೆಟ್ ಅಂದರೆ ಪಡೆ, ಗೆಟ್ ಅಂದರೆ ತಲುಪು, ಗೆಟ್ ಅಂದರೆ ಆಗು, ಗೆಟ್ ಅಂದರೆ ಅರ್ಥ ಮಾಡಿಕೊ. ನೋಟ್‌ಬುಕ್ಕಿನ ಎರಡು ಪುಟ ತುಂಬುತ್ತದೆ. ಉರು ಹೊಡೆಯುತ್ತೇವೆ. ಪರೀಕ್ಷೆ ಮುಗಿದ ಮಾರನೇ ದಿನ ಮರೆಯುತ್ತೇವೆ.

ಅರ್ಥ ಎಣಿಸುತ್ತಾ ಹೋದರೆ ಕೊನೆಯೇ ಇಲ್ಲ. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ 1989ರ ಆವೃತ್ತಿಯಲ್ಲಿ ‘ಸೆಟ್’ ಅನ್ನುವ ಕ್ರಿಯಾಪದಕ್ಕೆ 430 ಅರ್ಥ ಕೊಟ್ಟಿದ್ದರು. ಅದೇ ಅತಿ ಉದ್ದದ ನಮೂದು ಅಂತ ಹೆಸರಾಗಿತ್ತು. ಆಮೇಲೆ ‘ರನ್’ ಬಂದು ಅದನ್ನು ಹಿಂದೆ ಹಾಕಿತು. 2011ರ ಹೊತ್ತಿಗೆ ಅದರ ಲೆಕ್ಕ 645 ಅರ್ಥಗಳಿಗೆ ಮುಟ್ಟಿತ್ತು. ಆ ಒಂದು ಪದದ ಕೆಲಸಕ್ಕೆ ಪೀಟರ್ ಗಿಲಿವರ್ ಅನ್ನುವ ನಿಘಂಟುಕಾರರು ಒಂಬತ್ತು ತಿಂಗಳು ಕೂತಿದ್ದರು. ನಿಘಂಟು ಮಾಡುವವರಿಗೆ ಈ ಎಣಿಕೆ ಬೇಕು. ಆದರೆ ಲಂಡನ್ನಿನಲ್ಲೋ ಷಿಕಾಗೋದಲ್ಲೋ ಬೆಳೆಯುವ ಮೂರು ವರ್ಷದ ಮಗು ‘ಗೆಟ್’ ಅನ್ನು ದಿನಕ್ಕೆ ಎಷ್ಟೋ ಸಲ ಸರಿಯಾಗಿಯೇ ಬಳಸುತ್ತದೆ. ಅದು ಯಾವ ಪಟ್ಟಿಯನ್ನೂ ಉರು ಹೊಡೆದಿಲ್ಲ. ಅಂದರೆ ಈ ಪದದ ಒಳಗೆ ಯಾವುದೋ ಒಂದು ಎಳೆ ಇರಬೇಕು, ಅಲ್ವಾ?

ಆ ಎಳೆ ಕನ್ನಡದವರಿಗೆ ಇಂಗ್ಲಿಷಿನವರಿಗಿಂತ ಬೇಗ ಕಾಣುತ್ತದೆ ಅಂತ ನನ್ನ ನಂಬಿಕೆ. ಯಾಕೆ ಅಂತ ಹೇಳುತ್ತೇನೆ.

ಇಂಗ್ಲಿಷಿನಲ್ಲಿ ಇರುವುದನ್ನು ಹೇಳಲು ಎರಡು ಕ್ರಿಯಾಪದ ಬೇಕು. ‘ಐ ಹ್ಯಾವ್ ಮನಿ’ ಅನ್ನುವಾಗ ಹ್ಯಾವ್. ‘ಐ ಆಮ್ ಅಟ್ ಹೋಮ್’ ಅನ್ನುವಾಗ ಬಿ, ಅಂದರೆ ಆಮ್, ಈಸ್, ಆರ್. ನಮಗೆ ಒಂದೇ ಸಾಕು. ನನ್ನ ಹತ್ತಿರ ದುಡ್ಡಿದೆ. ನಾನು ಮನೆಯಲ್ಲಿದ್ದೇನೆ. ಅವನಿಗೆ ಜ್ವರ ಇದೆ. ಬಾಗಿಲು ತೆರೆದಿದೆ. ಎಲ್ಲವೂ ‘ಇರು’. ಈಗ ಗೆಟ್ ಅನ್ನು ಈ ‘ಇರು’ ಪಕ್ಕದಲ್ಲಿ ನಿಲ್ಲಿಸಿ. ಇಲ್ಲದ್ದು ಇರುವ ಹಾಗೆ ಆಗುವುದು, ಅದೇ ಗೆಟ್. ‘ಇಲ್ಲ’ದಿಂದ ‘ಇದೆ’ಗೆ ಹೊಸ್ತಿಲು ದಾಟುವ ಕ್ಷಣ ಅದು.

ಪರೀಕ್ಷಿಸಿ ನೋಡೋಣ. ‘ಐ ಹ್ಯಾವ್ ಎ ಜಾಬ್’, ಕೆಲಸ ಇದೆ. ಅದು ಬಂದ ಗಳಿಗೆ ‘ಐ ಗಾಟ್ ಎ ಜಾಬ್’. ‘ಇಟ್ ಈಸ್ ಡಾರ್ಕ್’, ಕತ್ತಲಿದೆ. ಕತ್ತಲು ಆಗುವ ಹೊತ್ತಿಗೆ ‘ಇಟ್ಸ್ ಗೆಟಿಂಗ್ ಡಾರ್ಕ್’. ‘ಐ ಆಮ್ ಅಟ್ ಹೋಮ್’, ಮನೆಯಲ್ಲಿದ್ದೇನೆ. ಮನೆ ಮುಟ್ಟಿದ್ದು ‘ಐ ಗಾಟ್ ಹೋಮ್’. ‘ಐ ನೋ ಹರ್’, ಅವಳ ಪರಿಚಯ ಇದೆ. ಪರಿಚಯ ಆಗಿದ್ದು ‘ಐ ಗಾಟ್ ಟು ನೋ ಹರ್’. ಪಡೆ, ಆಗು, ತಲುಪು ಅಂತ ನಾವು ಬರೆದುಕೊಂಡ ಮೂರು ನಾಲ್ಕು ಅರ್ಥ ಒಂದೇ ಗುಂಪಿಗೆ ಬಂದವು.

ಇನ್ನೊಂದು ವಿಷಯ ಗಮನಿಸಿ. ಕನ್ನಡದಲ್ಲಿ ನಾವು ಹೇಗೆ ಮಾತಾಡುತ್ತೇವೆ? ನನಗೆ ಕೆಲಸ ಸಿಕ್ತು. ನನಗೆ ಡೆಂಗಿ ಬಂತು. ನನಗೆ ಏಟು ಬಿತ್ತು. ನನಗೆ ಕೋಪ ಬಂತು. ನನಗೆ ಅರ್ಥ ಆಯ್ತು. ಇಲ್ಲೆಲ್ಲ ‘ನಾನು’ ಏನೂ ಮಾಡುತ್ತಿಲ್ಲ. ಡೆಂಗಿಯೇ ಬರುತ್ತದೆ, ಏಟೇ ಬೀಳುತ್ತದೆ. ನಾನು ‘ಗೆ’ ಪ್ರತ್ಯಯ ಹಚ್ಚಿಕೊಂಡು ಒಂದು ಮೂಲೆಯಲ್ಲಿ ಕೂತಿರುತ್ತೇನೆ. ಇಂಗ್ಲಿಷಿಗೆ ಈ ಮೂಲೆ ಇಷ್ಟ ಇಲ್ಲ. ಅದಕ್ಕೆ ‘ಐ’ ಮುಂದೆ ಬಂದು ನಿಲ್ಲಬೇಕು. ಐ ಗಾಟ್ ಎ ಜಾಬ್. ಐ ಗಾಟ್ ಡೆಂಗಿ. ಐ ಗಾಟ್ ಹಿಟ್. ಐ ಗಾಟ್ ಆಂಗ್ರಿ. ಐ ಗಾಟ್ ಇಟ್. ಸಿಗು, ಬರು, ಬೀಳು, ಆಗು. ನಮ್ಮ ನಾಲ್ಕು ಕ್ರಿಯಾಪದ ಹೊರುವ ಹೊರೆಯನ್ನು ಅಲ್ಲಿ ಗೆಟ್ ಒಂದೇ ಹೊತ್ತಿದೆ.

ಹಾಗಾಗಿ ತಲೆಯಲ್ಲಿ ‘ನನಗೆ’ ಅಂತ ಶುರುವಾಗಿ ಈ ನಾಲ್ಕರಲ್ಲಿ ಒಂದರಿಂದ ಮುಗಿಯುವ ವಾಕ್ಯ ಬಂದರೆ, ಗೆಟ್ ಹಾಕಿ ನೋಡಿ. ತುಂಬಾ ಸಲ ಸರಿಹೋಗುತ್ತದೆ. ಯಾವಾಗಲೂ ಅಲ್ಲ, ಅದನ್ನೂ ಹೇಳಿಬಿಡುತ್ತೇನೆ. ‘ನನಗೆ ನೆನಪಾಯ್ತು’ ಅನ್ನಲು ‘ಐ ರಿಮೆಂಬರ್ಡ್’. ‘ನನಗೆ ಮಗು ಆಯ್ತು’ ಅನ್ನಲು ‘ಐ ಹ್ಯಾಡ್ ಎ ಬೇಬಿ’. ಅಲ್ಲಿ ‘ಐ ಗಾಟ್ ಎ ಬೇಬಿ’ ಅಂದರೆ ಕೇಳಿದವರು ಎಲ್ಲಿಂದ ತಂದಿರಿ ಅಂತ ನೋಡುತ್ತಾರೆ.

ಈಗ ‘ಐ ಹ್ಯಾವ್ ಗಾಟ್’. ಇದು ನಮ್ಮ ಮಕ್ಕಳನ್ನು ಜಾಸ್ತಿ ಗೋಳಾಡಿಸುವ ರೂಪ. ‘ಐ ಹ್ಯಾವ್ ಗಾಟ್ ಟೂ ಬ್ರದರ್ಸ್’. ನೋಡಲು ಭೂತಕಾಲದ ಹಾಗಿದೆ, ಅರ್ಥ ಮಾತ್ರ ವರ್ತಮಾನ: ನನಗೆ ಇಬ್ಬರು ಅಣ್ಣತಮ್ಮಂದಿರು ಇದ್ದಾರೆ. ಇದೇನು ವಿಚಿತ್ರ ಅಂತ ಕೇಳುತ್ತೀರಿ. ಆದರೆ ‘ಅವನು ಕೂತಿದ್ದಾನೆ’ ಅನ್ನುವಾಗ ನಾವು ಮಾಡುವುದೂ ಇದನ್ನೇ. ಬಿಡಿಸಿ ನೋಡಿದರೆ ಕೂತು, ಇದ್ದಾನೆ. ಕೂರುವ ಕ್ರಿಯೆ ಮುಗಿದಿದೆ, ಅದರ ಫಲ ಈಗ ಕಣ್ಣ ಮುಂದಿದೆ. ಮಲಗಿದ್ದಾನೆ, ನಿಂತಿದ್ದಾನೆ, ಎಲ್ಲ ಹಾಗೆಯೇ. ‘ಹ್ಯಾವ್ ಗಾಟ್’ ಕೂಡ ಅಷ್ಟೆ: ಸಿಕ್ಕಿ ಆಗಿದೆ, ಆದ್ದರಿಂದ ಈಗ ಇದೆ.

ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. ಈ ಪದ ಎಲ್ಲಿಂದ ಬಂತು ಗೊತ್ತಾ? ವೈಕಿಂಗ್‌ಗಳಿಂದ. ಡೆನ್ಮಾರ್ಕ್, ನಾರ್ವೆ ಕಡೆಯಿಂದ ಹಡಗಿನಲ್ಲಿ ಬಂದು ಇಂಗ್ಲೆಂಡಿನ ಕರಾವಳಿಯನ್ನು ದೋಚುತ್ತಿದ್ದ ಜನ. 865ರಲ್ಲಿ ದೊಡ್ಡ ದಂಡೇ ಬಂದಿಳಿಯಿತು. ದೋಚಿ ವಾಪಸ್ ಹೋಗಲಿಲ್ಲ. ಉತ್ತರ ಮತ್ತು ಪೂರ್ವ ಇಂಗ್ಲೆಂಡಿನಲ್ಲಿ ಜಮೀನು ಹಿಡಿದು, ಅಲ್ಲಿಯವರನ್ನೇ ಮದುವೆ ಆಗಿ ನೆಲೆ ನಿಂತರು. ಅವರ ನುಡಿಯಲ್ಲಿ ‘ಗೆಟಾ’ ಅಂತ ಇತ್ತು. ಹಳೆಯ ಇಂಗ್ಲಿಷಿನಲ್ಲೂ ಅದರ ದಾಯಾದಿ ಒಂದಿತ್ತು, ‘ಫರ್ಗೆಟ್’ ಅನ್ನುವ ಪದದ ಬಾಲದಲ್ಲಿ. ಆದರೆ ಅಲ್ಲಿ ‘ಗ’ ಅನ್ನು ‘ಯ’ ಥರ ಉಚ್ಚರಿಸುತ್ತಿದ್ದರು. ಗಟ್ಟಿ ‘ಗ’ ಬಂದದ್ದು ಈ ಹೊಸ ನೆರೆಯವರಿಂದ. ಟೇಕ್, ಎಗ್, ಸ್ಕೈ, ನೈಫ್, ವಿಂಡೋ, ಹಸ್ಬೆಂಡ್, ಕೊನೆಗೆ ‘ದೇ’ ಅನ್ನುವ ಸರ್ವನಾಮವೂ ಅವರ ಕಡೆಯದ್ದೇ. ಯೋಚನೆ ಮಾಡಿ, ‘ಅವರು’ ಅನ್ನುವ ಪದವನ್ನೇ ಬೇರೆ ನುಡಿಯಿಂದ ತಂದುಕೊಂಡ ಭಾಷೆ ಇಂಗ್ಲಿಷ್. ನಾವು ಬಸ್ಸು, ಪೆನ್ನು ತಂದುಕೊಂಡಿದ್ದಕ್ಕೆ ಸುಮ್ನೆ ನಾಚಿಕೊಳ್ಳುತ್ತೇವೆ.

ಇನ್ನೂ ಒಂದು ಕುತೂಹಲದ ಸಂಗತಿ. ಹಳೆಯ ಇಂಗ್ಲಿಷಿನಲ್ಲಿ ‘ಆಗು’ ಅನ್ನಲು ಬೇರೆಯೇ ಕ್ರಿಯಾಪದ ಇತ್ತು, ‘ವೆಯೊರ್ಥನ್’ ಅಂತ. ಜರ್ಮನ್ನಿನಲ್ಲಿ ಅದರ ಸೋದರ ‘ವೆರ್ಡನ್’ ಇವತ್ತಿಗೂ ಗಟ್ಟಿಮುಟ್ಟಾಗಿದೆ. ಇಂಗ್ಲಿಷಿನಲ್ಲಿ ಮಾತ್ರ ಮಧ್ಯಯುಗದಲ್ಲಿ ಅದು ಸತ್ತುಹೋಯಿತು. ಖಾಲಿಯಾದ ಜಾಗಕ್ಕೆ ಬಿಕಮ್, ಗ್ರೋ, ಟರ್ನ್ ಎಲ್ಲ ನುಗ್ಗಿದವು. ಎಷ್ಟೋ ಕಾಲದ ಮೇಲೆ ಗೆಟ್ ಕೂಡ ನುಗ್ಗಿತು. ಈಗ ಮಾತಿನಲ್ಲಿ ಅದರದ್ದೇ ಕಾರುಬಾರು.

ಮತ್ತೆ ದಾರಿಗೆ ಬರೋಣ. ನನಗೆ ತುಂಬಾ ಇಷ್ಟವಾದ ಭಾಗ ಇದು.

ವ್ಯಾಕರಣದ ಪುಸ್ತಕದಲ್ಲಿ ಕರ್ಮಣಿ ಪ್ರಯೋಗ ಅಂತ ಓದಿದ್ದೀರಿ. ‘ರಾಮನಿಂದ ರಾವಣನು ಕೊಲ್ಲಲ್ಪಟ್ಟನು.’ ಹೀಗೆ ಯಾರಾದರೂ ಮಾತಾಡುವುದನ್ನು ಕೇಳಿದ್ದೀರಾ? ಮನೆಯಲ್ಲಿ, ಅಂಗಡಿಯಲ್ಲಿ, ಜಗಳದಲ್ಲಿ? ‘ನಾನು ಮೇಷ್ಟ್ರಿಂದ ಬೈಯಲ್ಪಟ್ಟೆ’ ಅಂತ ಯಾವ ಹುಡುಗ ಹೇಳುತ್ತಾನೆ? ಅವನು ಹೇಳುವುದು ‘ಬೈಸಿಕೊಂಡೆ’ ಅಂತ. ಹೊಡೆಸಿಕೊಂಡ. ಉಗಿಸಿಕೊಂಡ. ಕಚ್ಚಿಸಿಕೊಂಡ. ಈ ‘ಇಸಿಕೊ’ ಇದೆಯಲ್ಲ, ಅದೇ ಇಂಗ್ಲಿಷಿನ ‘ಗೆಟ್’. ಹಿ ಗಾಟ್ ಸ್ಕೋಲ್ಡೆಡ್. ಹಿ ಗಾಟ್ ಬಿಟನ್. ಹಿ ಗಾಟ್ ಫೈರ್ಡ್.

ಇಲ್ಲಿ ಒಂದು ಸೂಕ್ಷ್ಮ ಇದೆ. ‘ಹುಡುಗನಿಗೆ ಮೇಷ್ಟ್ರು ಬೈದರು’ ಅನ್ನುವುದಕ್ಕೂ ‘ಹುಡುಗ ಮೇಷ್ಟ್ರ ಹತ್ತಿರ ಬೈಸಿಕೊಂಡ’ ಅನ್ನುವುದಕ್ಕೂ ವ್ಯತ್ಯಾಸ ಏನು? ಎರಡನೆಯದರಲ್ಲಿ ಹುಡುಗನೂ ಏನೋ ಕಿತಾಪತಿ ಮಾಡಿರಬೇಕು ಅನ್ನುವ ವಾಸನೆ ಇದೆ. ಇಂಗ್ಲಿಷಿನಲ್ಲೂ ಹಾಗೇ. ‘ಹಿ ವಾಸ್ ಅರೆಸ್ಟೆಡ್’ ಅಂದರೆ ಪೊಲೀಸರು ಬಂಧಿಸಿದರು, ಸುದ್ದಿ ಅಷ್ಟೆ. ‘ಹಿ ಗಾಟ್ ಹಿಮ್‌ಸೆಲ್ಫ್ ಅರೆಸ್ಟೆಡ್’ ಅಂದರೆ ಅವನೇ ಮೈಮೇಲೆ ಎಳೆದುಕೊಂಡ. ಬರೀ ‘ಹಿ ಗಾಟ್ ಅರೆಸ್ಟೆಡ್’ ಇವೆರಡರ ನಡುವೆ ಎಲ್ಲೋ ನಿಲ್ಲುತ್ತದೆ. ಇಂಗ್ಲಿಷ್ ವ್ಯಾಕರಣಕಾರರು ಈ ವಾಸನೆಯ ಬಗ್ಗೆ ಪುಟಗಟ್ಟಲೆ ಚರ್ಚೆ ಮಾಡಿದ್ದಾರೆ. ಹಾಸನದ ಯಾವ ಅಜ್ಜಿಗೂ ಅದನ್ನು ವಿವರಿಸಬೇಕಾಗಿಲ್ಲ.

ಇಂಥ ಗೆಟ್ ಬರುವುದು ಯಾರಿಗಾದರೂ ಒಳ್ಳೆಯದೋ ಕೆಟ್ಟದೋ ಆದಾಗ. ಪ್ರಮೋಟೆಡ್, ಸೆಲೆಕ್ಟೆಡ್, ರಾಬ್ಡ್, ಹರ್ಟ್. ಯಾರಿಗೂ ತಗಲದ ಒಣ ಸಂಗತಿಗೆ ಇದು ಒಗ್ಗುವುದಿಲ್ಲ. ವಿಧಾನಸೌಧದ ಕಟ್ಟಡ ಮುಗಿದದ್ದು 1956ರಲ್ಲಿ. ಅದನ್ನು ಬರೆಯುವಾಗ ‘ವಾಸ್ ಬಿಲ್ಟ್’ ಅನ್ನಬೇಕು. ‘ಗಾಟ್ ಬಿಲ್ಟ್’ ಅಂದರೆ ಅಡ್ಡಿ ಆತಂಕ ದಾಟಿ ಅಂತೂ ಇಂತೂ ಎದ್ದು ನಿಂತಿತು ಅನ್ನುವ ಧ್ವನಿ ಬರುತ್ತದೆ. ವರ್ಷಗಟ್ಟಲೆ ಅಗೆದಿಟ್ಟಿರುವ ನಿಮ್ಮ ಮನೆ ಮುಂದಿನ ರಸ್ತೆ ಒಂದು ದಿನ ಮುಗಿದರೆ, ಆವತ್ತು ಧಾರಾಳವಾಗಿ ‘ಇಟ್ ಫೈನಲಿ ಗಾಟ್ ಬಿಲ್ಟ್’ ಅನ್ನಿ.

ಇದರ ಜೊತೆಗೇ ಬರುವುದು ಮಾಡಿಸುವ ಗೆಟ್. ‘ಐ ಆಮ್ ಗೋಯಿಂಗ್ ಟು ಕಟ್ ಮೈ ಹೇರ್’ ಅಂತ ಹೇಳಿ ಸೆಲೂನಿಗೆ ಹೋಗುವವರು ನಮ್ಮಲ್ಲಿ ಬಹಳ ಜನ. ಇಂಗ್ಲಿಷಿನವನಿಗೆ ಅದು ಕನ್ನಡಿ ಮುಂದೆ ನೀವೇ ಕತ್ತರಿ ಹಿಡಿದ ಹಾಗೆ ಕೇಳುತ್ತದೆ. ತಮಾಷೆ ಅಂದರೆ ಕನ್ನಡದಲ್ಲಿ ನಾವು ಈ ತಪ್ಪು ಮಾಡುವುದಿಲ್ಲ. ‘ಕಟಿಂಗ್ ಮಾಡಿಸಿಕೊಂಡು ಬರುತ್ತೇನೆ’ ಅಂತ ಸರಿಯಾಗಿ ಹೇಳುತ್ತೇವೆ. ಆ ‘ಇಸು’ ಎಲ್ಲಿದೆಯೋ ಅಲ್ಲಿ ಗೆಟ್ ಹಾಕಿ: ‘ಐ ಆಮ್ ಗೋಯಿಂಗ್ ಟು ಗೆಟ್ ಮೈ ಹೇರ್ ಕಟ್’. ಬಟ್ಟೆ ಹೊಲಿಸುವುದು, ಗಾಡಿ ಸರ್ವಿಸ್ ಮಾಡಿಸುವುದು, ಮನೆಗೆ ಬಣ್ಣ ಹೊಡೆಸುವುದು, ಆಧಾರ್ ಕಾರ್ಡ್ ತಿದ್ದಿಸುವುದು, ಎಲ್ಲದಕ್ಕೂ ಇದೇ ಅಚ್ಚು.

ಮನುಷ್ಯರ ಕೈಯಲ್ಲಿ ಕೆಲಸ ಮಾಡಿಸುವಾಗ ಮಾತ್ರ ನಡುವೆ ‘ಟು’ ಬೇಕು. ‘ಐ ಗಾಟ್ ಹಿಮ್ ಟು ಈಟ್’. ಹಟ ಮಾಡುವ ಮಗುವಿಗೆ ಚಂದಮಾಮನನ್ನು ತೋರಿಸಿ, ಕಾಗೆ ಗುಬ್ಬಿ ಕಥೆ ಹೇಳಿ ತಿನ್ನಿಸಿದರೆ ಅದು ಗೆಟ್. ಗದರಿಸಿ ತಿನ್ನಿಸಿದರೆ ‘ಐ ಮೇಡ್ ಹಿಮ್ ಈಟ್’, ಅಲ್ಲಿ ‘ಟು’ ಇಲ್ಲ. ಪುಸಲಾಯಿಸುವುದು, ಒಪ್ಪಿಸುವುದು, ಹೇಗೋ ದಾರಿಗೆ ತರುವುದು, ಇವೆಲ್ಲ ಗೆಟ್ ಪಾಲಿಗೆ.

ಪ್ರಯಾಣದ ವಿಷಯಕ್ಕೆ ಬಂದರೆ ಎರಡು ಮಾತು ಸಾಕು. ಕಾರು, ಆಟೋ ಹತ್ತಲು ‘ಗೆಟ್ ಇನ್’, ಇಳಿಯಲು ‘ಗೆಟ್ ಔಟ್’. ಬಸ್ಸು, ರೈಲು, ವಿಮಾನಕ್ಕೆ ‘ಗೆಟ್ ಆನ್’, ‘ಗೆಟ್ ಆಫ್’. ಒಳಗೆ ನೆಟ್ಟಗೆ ನಿಂತು ಓಡಾಡಬಹುದಾದರೆ ಆನ್, ಬಗ್ಗಿ ಕೂರಬೇಕಾದರೆ ಇನ್ ಅಂತ ನೆನಪಿಟ್ಟುಕೊಳ್ಳಿ. ಬೈಕು, ಕುದುರೆ ಮೇಲೆ ಕೂರುವುದರಿಂದ ಅವಕ್ಕೂ ಆನ್. ನಮ್ಮ ಬಸ್ಸುಗಳಲ್ಲಿ ಎಲ್ಲರೂ ‘ನೆಕ್ಸ್ಟ್ ಸ್ಟಾಪ್ ಐ ವಿಲ್ ಗೆಟ್ ಡೌನ್’ ಅನ್ನುತ್ತಾರೆ. ಕನ್ನಡದ ‘ಇಳಿ’, ತಮಿಳಿನ ‘ಇರಂಗು’, ಹಿಂದಿಯ ‘ಉತರ್ನಾ’ ಎಲ್ಲ ಕೆಳಗೇ ಕರೆದುಕೊಂಡು ಹೋಗುವುದರಿಂದ ಹೀಗಾಗಿದೆ. ಇದನ್ನು ತಪ್ಪು ಅಂತ ನಾನು ಗೆರೆ ಎಳೆಯುವುದಿಲ್ಲ. ಇಷ್ಟು ಕೋಟಿ ಜನ ಹೇಳುವುದು ಭಾರತದ ಇಂಗ್ಲಿಷ್. ಆದರೆ ಅಮೆರಿಕದಲ್ಲಿ ಯಾರಾದರೂ ಜೋರಾಗಿ ‘ಗೆಟ್ ಡೌನ್!’ ಅಂದರೆ ತಲೆ ತಗ್ಗಿಸಿ ನೆಲಕ್ಕೆ ಬಗ್ಗಿ. ಸ್ಟಾಪ್ ಹುಡುಕುತ್ತಾ ನಿಲ್ಲಬೇಡಿ.

ಇನ್ನು ಗೆಟ್ ಜೊತೆ ‘ಟು’ ಮತ್ತು ಕ್ರಿಯಾಪದ. ‘ಐ ಗಾಟ್ ಟು ಸೀ ಜೋಗ್ ಫಾಲ್ಸ್’ ಅಂದರೆ ಜೋಗ ನೋಡುವ ಅವಕಾಶ ಸಿಕ್ತು. ‘ನೋಡೋಕೆ ಸಿಕ್ತು’ ಅನ್ನುತ್ತೇವಲ್ಲ, ಹಾಗೇ. ಅದಕ್ಕೇ ಒಂದು ‘ಹ್ಯಾವ್’ ಸೇರಿಸಿ ‘ಐ ಹ್ಯಾವ್ ಗಾಟ್ ಟು ಸೀ’ ಅಂದರೆ ನೋಡಲೇಬೇಕು. ಒಂದು ಅದೃಷ್ಟ, ಇನ್ನೊಂದು ಒತ್ತಾಯ. ವೇಗವಾಗಿ ಮಾತಾಡುವಾಗ ಆ ‘ಹ್ಯಾವ್’ ನುಂಗಿಹೋಗಿ ಎರಡೂ ಒಂದೇ ಥರ ಕೇಳಿಸುತ್ತವೆ. ಸಂದರ್ಭ ನೋಡಿಯೇ ತಿಳಿಯಬೇಕು.

ಗೆಟ್ ಓವರ್, ಗೆಟ್ ಬೈ, ಗೆಟ್ ಥ್ರೂ, ಗೆಟ್ ಅವೇ ವಿತ್. ಇವನ್ನು ಇವತ್ತು ಬಿಡಿಸುತ್ತಾ ಕೂರುವುದಿಲ್ಲ. ಪಕ್ಕದ ಪುಟ್ಟ ಪದ ಎಲ್ಲಿ ‘ಇರುವುದು’ ಅಂತ ಹೇಳುತ್ತದೆ, ಗೆಟ್ ಅಲ್ಲಿಗೆ ಮುಟ್ಟಿಸುತ್ತದೆ. ಬೇಲಿಯ ಆಚೆ ಬಂದರೂ ‘ಗೆಟ್ ಓವರ್’, ದುಃಖದ ಆಚೆ ಬಂದರೂ ‘ಗೆಟ್ ಓವರ್’. ಕನ್ನಡಕ್ಕೆ ಬಂದು ಸೇರಿಕೊಂಡ ಗೆಟ್‌ಗಳೂ ಈ ಜಾತಿಯವೇ: ಗೆಟ್ ಔಟ್, ಗೆಟ್ ಲಾಸ್ಟ್, ಗೆಟ್ ಟುಗೆದರ್. ಗೆಟಪ್ ಮಾತ್ರ ಇಲ್ಲಿ ಬಂದು ಬಡ್ತಿ ಪಡೆದಿದೆ. ಬ್ರಿಟನ್ನಿನಲ್ಲಿ ಒಬ್ಬರ ಉಡುಪನ್ನು ‘ಗೆಟಪ್’ ಅಂದರೆ ಅದರಲ್ಲಿ ಸ್ವಲ್ಪ ಲೇವಡಿ ಇರುತ್ತದೆ, ಇದೇನು ವೇಷ ಅನ್ನುವ ಹಾಗೆ. ನಮ್ಮ ಸಿನಿಮಾ ಪುಟಗಳಲ್ಲಿ ‘ಹೊಸ ಗೆಟಪ್‌ನಲ್ಲಿ ನಾಯಕ’ ಅಂದರೆ ಅಭಿಮಾನಿಗಳಿಗೆ ಹಬ್ಬ.

ಇಷ್ಟು ಕೆಲಸ ಮಾಡುವ ಪದಕ್ಕೆ ಶಾಲೆಯಲ್ಲಿ ಮರ್ಯಾದೆ ಇಲ್ಲ. ‘ಗಾಟ್’ ಅಂತ ಬರೆದರೆ ಕೆಂಪು ಗೆರೆ, ಮೇಲೆ ‘ರಿಸೀವ್ಡ್’, ‘ಅಬ್ಟೇನ್ಡ್’ ಅಂತ ತಿದ್ದುಪಡಿ. ಬ್ರಿಟನ್ನಿನ ಮೇಷ್ಟ್ರುಗಳಿಗೂ ಈ ಚಾಳಿ ಇತ್ತು, ನಮಗೆ ಬಂದದ್ದು ಅಲ್ಲಿಂದಲೇ. ಅದಕ್ಕೆ ಒಂದು ಹಿನ್ನೆಲೆ ಇದೆ. 1066ರಲ್ಲಿ ಫ್ರಾನ್ಸಿನ ಕಡೆಯ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಆಸ್ಥಾನದ, ಕೋರ್ಟಿನ ಮಾತು ಫ್ರೆಂಚ್ ಆಯಿತು. ರಿಸೀವ್, ಅಬ್ಟೇನ್ ಆ ದಾರಿಯಲ್ಲಿ ಬಂದ ಪದಗಳು. ಗೆಟ್ ಹೊಲದಲ್ಲಿ, ಅಡುಗೆಮನೆಯಲ್ಲಿ ಉಳಿಯಿತು. ನಮ್ಮಲ್ಲಿ ‘ಸಿಕ್ತು’ ಅನ್ನುವುದಕ್ಕೂ ‘ಪ್ರಾಪ್ತವಾಯಿತು’ ಅನ್ನುವುದಕ್ಕೂ ಇರುವ ಅಂತರ ಇಲ್ಲಿದೆ. ಆಫೀಸಿನ ಪತ್ರದಲ್ಲಿ ರಿಸೀವ್ ಬರೆಯಿರಿ, ನನ್ನ ತಕರಾರಿಲ್ಲ. ಆದರೆ ಗೆಳೆಯನಿಗೆ ‘ಲೆಟ್ ಅಸ್ ಅಬ್ಟೇನ್ ಎ ಕಾಫಿ’ ಅಂದರೆ ಅವನು ಕಾಫಿಗೆ ಅರ್ಜಿ ಹಾಕಬೇಕಾ ಅಂತ ಕೇಳುತ್ತಾನೆ.

ಹಿಂದಿನ ಸಾಲಿನಲ್ಲಿ ಸಾಫ್ಟ್‌ವೇರ್‌ನವರು ಕೂತಿದ್ದೀರಿ ಅಂತ ಕಾಣುತ್ತದೆ. ನಿಮಗಾಗಿ ಒಂದು ಮಾತು. ಟಿಮ್ ಬರ್ನರ್ಸ್-ಲೀ ವೆಬ್ ಕಟ್ಟಿದಾಗ, 1991ರ ಮೊದಲ ಎಚ್‌ಟಿಟಿಪಿಯಲ್ಲಿ, ಅಂದರೆ ಬ್ರೌಸರ್ ಮತ್ತು ಸರ್ವರ್ ಮಾತಾಡಿಕೊಳ್ಳುವ ನಿಯಮಗಳಲ್ಲಿ, ಇದ್ದದ್ದು ಒಂದೇ ಆಜ್ಞೆ: ಗೆಟ್. ಈಗ ಪೋಸ್ಟ್, ಪುಟ್, ಡಿಲೀಟ್ ಎಲ್ಲ ಬಂದಿವೆ. ಆದರೂ ಫೋನಿನಲ್ಲಿ ಒಂದು ಪುಟ ತೆರೆದರೆ ಬ್ರೌಸರ್ ಮೊದಲು ಹೇಳುವುದು ಗೆಟ್ ಅಂತಲೇ. ಕೋಡಿನಲ್ಲಿ ಆದ ಬದಲಾವಣೆಗಳ ಲೆಕ್ಕ ಇಡಲು ದಿನವಿಡೀ ನೀವು ಬಳಸುವ ‘ಗಿಟ್’ ಕೂಡ ಇದೇ ಮನೆತನದ್ದು. ಬ್ರಿಟಿಷ್ ಆಡುಮಾತಿನಲ್ಲಿ ‘ಗಿಟ್’ ಅಂದರೆ ತಲೆಹರಟೆ ಮನುಷ್ಯ. ಅದು ಹುಟ್ಟಿದ್ದು ‘ಗೆಟ್’ ಅನ್ನುವ ಹಳೆಯ ನಾಮಪದದಿಂದ. ಅದಕ್ಕೆ ಸಂತಾನ ಅಂತ ಅರ್ಥ, ಬೈಗುಳದಲ್ಲಿ ಯಾವ ಥರದ ಸಂತಾನ ಅಂತ ಬಿಡಿಸಿ ಹೇಳುವುದಿಲ್ಲ. ಲಿನಕ್ಸ್ ಕಟ್ಟಿದ ಲೈನಸ್ ಟೊರ್ವಾಲ್ಡ್ಸ್ 2005ರಲ್ಲಿ ಗಿಟ್‌ಗೆ ಆ ಹೆಸರಿಟ್ಟು, ನನ್ನ ಪ್ರಾಜೆಕ್ಟುಗಳಿಗೆಲ್ಲ ನನ್ನ ಹೆಸರನ್ನೇ ಇಡುತ್ತೇನೆ ಅಂತ ನಕ್ಕಿದ್ದರು.

‘ಹ್ಯಾವ್’ ಜೊತೆ ‘ಗಾಟ್’ ಬದಲು ‘ಗಾಟನ್’ ಅನ್ನುವುದು ಸರಿಯಾ ತಪ್ಪಾ ಅಂತ ಒಂದು ಚೀಟಿ ಬಂದಿದೆ. ಸರಿ, ಅಮೆರಿಕದಲ್ಲಿ. ಅದು ಅಮೆರಿಕದವರ ಹೊಸ ಸೃಷ್ಟಿಯೂ ಅಲ್ಲ. ಮೊದಲು ಇಂಗ್ಲೆಂಡಿನಲ್ಲೂ ಇತ್ತು. ಜನ ಹಡಗು ಹತ್ತಿದಾಗ ಪದವೂ ಜೊತೆಗೆ ಹೋಯಿತು. ಆಮೇಲೆ ಇಂಗ್ಲೆಂಡಿನಲ್ಲೇ ಅದು ಸವೆದು ‘ಗಾಟ್’ ಉಳಿಯಿತು. ‘ಫರ್ಗಾಟನ್’ನಲ್ಲಿ ಮಾತ್ರ ಅಲ್ಲಿಯೂ ಹಳೆಯ ಬಾಲ ಹಾಗೇ ಇದೆ. ಅಮೆರಿಕದವರು ಎರಡನ್ನೂ ಇಟ್ಟುಕೊಂಡು ಒಂದು ಅನುಕೂಲ ಮಾಡಿಕೊಂಡಿದ್ದಾರೆ. ‘ಐ ಹ್ಯಾವ್ ಗಾಟ್ ಎ ಕಾರ್’ ಅಂದರೆ ಕಾರು ಇದೆ. ‘ಐ ಹ್ಯಾವ್ ಗಾಟನ್ ಎ ಕಾರ್’ ಅಂದರೆ ಕಾರು ತಗೊಂಡಿದ್ದೇನೆ. ‘ಐ ಹ್ಯಾವ್ ಗಾಟ್ ಟು ಗೋ’ ಅಂದರೆ ಹೋಗಬೇಕು. ‘ಐ ಹ್ಯಾವ್ ಗಾಟನ್ ಟು ಗೋ’ ಅಂದರೆ ಹೋಗುವ ಅವಕಾಶ ಸಿಕ್ಕಿದೆ. ಚೀಟಿ ಬರೆದವರು ಓದಲು ಟೆಕ್ಸಸ್‌ಗೆ ಹೊರಟಿದ್ದಾರಂತೆ. ಅಲ್ಲಿ ಧೈರ್ಯವಾಗಿ ಗಾಟನ್ ಅನ್ನಿ. ಇಲ್ಲಿ ಪರೀಕ್ಷೆ ಬರೆಯುವವರು ಗಾಟ್ ಅನ್ನೇ ಬರೆಯಿರಿ, ಉತ್ತರಪತ್ರಿಕೆ ನೋಡುವವರು ಬ್ರಿಟಿಷ್ ಪುಸ್ತಕ ಓದಿ ಬಂದವರು.